ಅಲ್ಲಿ ಚಲೋ ಐತೋ, ಇಲ್ಲಿ ಚಲೋ ಐತೋ?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು 1988ರ ಎಸ್.ಎಸ್.ಎಲ್.ಸಿ. ಬ್ಯಾಚಿನವನು. ಆಗ ನಮ್ಮದು ರಾಯಚೂರು ಜಿಲ್ಲೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಐ.ಟಿ.ಐ. ಫಿಟ್ಟರ್ ಮುಗಿಸಿ 1991ರಲ್ಲಿ ತಮಿಳುನಾಡಿನ ಕೊಯಮತ್ತೂರಿಗೆ ಹೋದೆ. ಅಲ್ಲಿ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಅಂದಿನಿಂದ ಅಲ್ಲೇ ಇದ್ದೇನೆ. ಸಮಿತಿಯವರು ನನಗೆ ‘ಹೊರರಾಜ್ಯದ ಬದುಕು’ ಎಂಬ ವಿಷಯ ಕೊಟ್ಟಿದ್ದಾರೆ. ಆದರೆ ಊರಿಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕುಳಿತವರು ಕೇಳುವ ಪ್ರಶ್ನೆ ಇದಕ್ಕಿಂತ ಸರಳವಾಗಿದೆ: ‘ಏನಪಾ, ಅಲ್ಲಿ ಚಲೋ ಐತೋ, ಇಲ್ಲಿ ಚಲೋ ಐತೋ?’ ನಾನು ಪ್ರತಿ ಸಲ ನಕ್ಕು ‘ಎರಡೂ ಚಲೋನ ಐತ್ರಿ’ ಎಂದು ಹೇಳಿ ಚಹಾ ಕುಡಿದು ಎದ್ದು ಹೋಗುತ್ತೇನೆ. ಇವತ್ತು ಮೈಕು ಕೈಗೆ ಕೊಟ್ಟಿದ್ದೀರಿ, ಸ್ವಲ್ಪ ಸರಿಯಾಗಿ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮೊದಲಿಗೆ ಒಂದು ಮಾತು. ನನ್ನ ತರಗತಿಯಲ್ಲಿ ಓದಿದ ಅರ್ಧಕ್ಕಿಂತ ಹೆಚ್ಚು ಹುಡುಗರು ಊರು ಬಿಟ್ಟವರೇ. ಕೆಲವರು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದರು, ಕೆಲವರು ಮಂಗಳೂರಿಗೆ, ಬೆಂಗಳೂರಿಗೆ, ಪುಣೆಗೆ. ಅವರು ಹೋದದ್ದನ್ನು ಊರವರು ‘ಗುಳೆ’ ಎಂದರು. ನಾನು ಹೋದದ್ದನ್ನು ‘ನೌಕರಿ’ ಎಂದರು. ಹೋಗಲು ಕಾರಣ ಇಬ್ಬರಿಗೂ ಒಂದೇ, ನಾಲ್ಕೆಕರೆ ಬೆದ್ದಲು ಭೂಮಿ ಮತ್ತು ಬಾರದ ಮಳೆ. ನಡುವೆ ಇದ್ದ ವ್ಯತ್ಯಾಸ ಒಂದು ಐ.ಟಿ.ಐ. ಸರ್ಟಿಫಿಕೇಟು ಅಷ್ಟೇ. ಆ ಸರ್ಟಿಫಿಕೇಟಿನಿಂದ ಪಿ.ಎಫ್. ಬಂತು, ಇ.ಎಸ್.ಐ. ಕಾರ್ಡು ಬಂತು, ಭಾನುವಾರ ರಜೆ ಬಂತು. ಗುಳೆ ಹೋದ ಗೆಳೆಯನಿಗೆ ಬಿದ್ದು ಕಾಲು ಮುರಿದರೆ ಊರಿಗೆ ವಾಪಸು ಬರುವುದೊಂದೇ ದಾರಿ. ಆದ್ದರಿಂದ ನಾನು ಹೇಳುವ ಲೆಕ್ಕ ನನ್ನಂಥವರ ಲೆಕ್ಕ. ಗೋವಾದ ಲೆಕ್ಕವನ್ನು ಅಲ್ಲಿ ಹಿಂದಿನ ಸಾಲಿನಲ್ಲಿ ನಿಂತಿರುವ ನನ್ನ ಗೆಳೆಯರು ಬೇರೆಯೇ ಹೇಳಿಯಾರು.

ಕೊಯಮತ್ತೂರಿಗೇ ಯಾಕೆ ಹೋದೆ ಎಂದು ಹುಡುಗರು ಕೇಳುತ್ತಾರೆ. ನಮ್ಮ ಹೊಲದ ಬೋರಿಗೆ ಇಳಿಸಿದ ಮೋಟರಿನ ತಗಡಿನ ಪಟ್ಟಿಯ ಮೇಲೆ ಆ ಊರಿನ ಹೆಸರಿತ್ತು, ಅದಕ್ಕೆ! ನಮ್ಮ ಕಡೆ ಯಾವ ರೈತನನ್ನು ಕೇಳಿದರೂ ‘ಕೊಯಮತ್ತೂರು ಮೋಟರು’ ಗೊತ್ತು. ಅಲ್ಲಿ ಮೊದಲ ಹತ್ತಿಗಿರಣಿ ಶುರುವಾದದ್ದು 1888ರಲ್ಲಿ. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ತು ಬಂದ ಮೇಲೆ ಗಿರಣಿಗಳು ಹೆಚ್ಚಿದವು. ಗಿರಣಿಗೆ ಬಿಡಿಭಾಗ ಬೇಕು, ಅದಕ್ಕೆ ಎರಕದ ಕೆಲಸ ಬೇಕು, ಹಾಗೆ ಫೌಂಡ್ರಿಗಳಾದವು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಬಾಲಸುಂದರಂ ನಾಯ್ಡು ಅವರು ನಮ್ಮ ದೇಶದ್ದೇ ಆದ ವಿದ್ಯುತ್ ಮೋಟರನ್ನು ಅಲ್ಲಿ ಮಾಡಿದರು. ಒಂದು ಊರು ಹೀಗೆ ಒಂದು ಕಸುಬನ್ನು ಹಿಡಿದು ಬೆಳೆದರೆ ಅಲ್ಲಿ ಹತ್ತನೆಯ ತರಗತಿ ಪಾಸಾದವನಿಗೂ ಕಲಿಯಲು ಜಾಗ ಇರುತ್ತದೆ. ನಮ್ಮ ಭಾಗದಲ್ಲಿ ಅಕ್ಕಿ ಗಿರಣಿಗಳಿದ್ದವು, ಕಲ್ಲಿನ ಕ್ವಾರಿಗಳಿದ್ದವು. ಅಲ್ಲಿ ಹೊರುವ ಕೆಲಸ ಸಿಗುತ್ತಿತ್ತು, ಕಲಿಯುವ ಕೆಲಸ ಸಿಗುತ್ತಿರಲಿಲ್ಲ.

ಹೋದೆ, ಆದರೆ ತಮಿಳು ಒಂದಕ್ಷರ ಬಾರದು. ಇಲ್ಲಿ ನಮ್ಮ ಕನ್ನಡ ಗುರುಗಳನ್ನು ನೆನೆಯಲೇಬೇಕು. ಒಂಬತ್ತನೆಯ ತರಗತಿಯಲ್ಲಿ ಅವರು ಹಳಗನ್ನಡ ಪಾಠ ಮಾಡುವಾಗ ‘ಪಕಾರ ಹೋಗಿ ಹಕಾರ ಬಂತು ನೋಡ್ರಿ’ ಎಂದು ಬೋರ್ಡಿನ ಮೇಲೆ ಎರಡು ಸಾಲು ಬರೆಸುತ್ತಿದ್ದರು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು. ನಾವು ಹಿಂದಿನ ಬೆಂಚಿನವರು ‘ಇದು ಯಾವ ಊರಿನ ಸಂತಿಗೆ ಬೇಕು’ ಎಂದು ಗೊಣಗುತ್ತಿದ್ದೆವು. ಕೊಯಮತ್ತೂರಿನಲ್ಲಿ ಇಳಿದ ಮರುದಿನವೇ ಬೇಕಾಯಿತು. ಅಂಗಡಿಯವನು ಹಾಲಿಗೆ ‘ಪಾಲ್’ ಅಂದ, ಹತ್ತಕ್ಕೆ ‘ಪತ್ತು’ ಅಂದ, ಹಣಕ್ಕೆ ‘ಪಣಂ’ ಅಂದ, ಹಗಲಿಗೆ ‘ಪಗಲ್’ ಅಂದ. ಗುರುಗಳ ಸೂತ್ರ ತಿರುಗಿಸಿ ಹಾಕಿದೆ: ಹಕಾರ ತೆಗೆ, ಪಕಾರ ಇಡು! ಎಲ್ಲ ಕಡೆ ನಡೆಯಲಿಲ್ಲ ಅನ್ನಿ. ‘ಹಳ್ಳಿ’ಗೆ ‘ಪಳ್ಳಿ’ ಎಂದರೆ ಅಲ್ಲಿ ಅದು ಶಾಲೆ. ನಾನು ಹಳ್ಳಿಯವನು ಎಂದು ಹೇಳಲು ಹೋಗಿ ಶಾಲೆಯ ಹುಡುಗನಾದೆ, ಫೋರ್‌ಮನ್ನರು ಒಂದು ವಾರ ಅದನ್ನೇ ಹೇಳಿ ನಕ್ಕರು. ಆರು ತಿಂಗಳಲ್ಲಿ ಮಾತು ಬಂತು, ಎರಡು ವರ್ಷದಲ್ಲಿ ಓದಲು ಬಂತು. ಗುರುಗಳು ಈಗ ಇಲ್ಲ. ಇದ್ದಿದ್ದರೆ ಇವತ್ತು ಅವರ ಕಾಲಿಗೆ ಬಿದ್ದು ಹೇಳುತ್ತಿದ್ದೆ.

ಇನ್ನು ತೂಕ ಹಾಕುವ ಕೆಲಸ. ನಾನು ಮೊದಲು ನೀರನ್ನು ತಕ್ಕಡಿಗೆ ಇಡುತ್ತೇನೆ.

ನನ್ನ ಹಲ್ಲು ನೋಡಿ. ಮುಂದೆ ಕುಳಿತವರಿಗೆ ಕಾಣುತ್ತದೆ, ಹಳದಿ, ಕಂದು ಗೆರೆ. ನನ್ನ ವಯಸ್ಸಿನ ಈ ಊರಿನವರೆಲ್ಲರದೂ ಹೀಗೇ. ಕುಷ್ಟಗಿ, ಯಲಬುರ್ಗಾ ಭಾಗದ ಬೋರಿನ ನೀರಿನಲ್ಲಿ ಫ್ಲೋರೈಡು ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಹಲ್ಲು ಬಲಿಯುವ ವಯಸ್ಸಿನಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದೊಳಗೆ ಕುಡಿದರೆ ಕಲೆ ಶಾಶ್ವತ. ಆಮೇಲೆ ಯಾವ ಪೇಸ್ಟಿನಿಂದ ಉಜ್ಜಿದರೂ ಹೋಗದು. ಕೊಯಮತ್ತೂರಿನಲ್ಲಿ ಹೊಸದಾಗಿ ಸೇರಿದಾಗ ಜೊತೆಯ ಹುಡುಗರು ನಾನು ಗುಟ್ಕಾ ಹಾಕುತ್ತೇನೆ ಎಂದುಕೊಂಡಿದ್ದರು. ‘ಇಲ್ಲ, ಇದು ನಮ್ಮೂರ ನೀರು’ ಎಂದರೆ ನಂಬಲಿಲ್ಲ.

ಕೊಯಮತ್ತೂರಿನ ಹಳೆಯ ಭಾಗಕ್ಕೆ ಬರುವುದು ಸಿರುವಾಣಿ ನೀರು. ಅದರ ರುಚಿಯ ಬಗ್ಗೆ ಅಲ್ಲಿನವರು ನಾವು ತುಂಗಭದ್ರೆಯ ಬಗ್ಗೆ ಮಾತಾಡುವುದಕ್ಕಿಂತ ಹೆಚ್ಚು ಮಾತಾಡುತ್ತಾರೆ. ತಮಾಷೆ ಎಂದರೆ ಆ ಅಣೆಕಟ್ಟು ಇರುವುದು ಕೇರಳದಲ್ಲಿ. ದಿನವೂ ಬರುತ್ತದೆ ಎಂದು ತಿಳಿಯಬೇಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಂದರೆ ಪುಣ್ಯ, ಪ್ಲಾಸ್ಟಿಕ್ ಕೊಡಗಳ ಸಾಲು ಅಲ್ಲೂ ಇದೆ. ಆದರೆ ಬಂದ ನೀರನ್ನು ಹೆದರದೆ ಮಗುವಿನ ಬಾಯಿಗೆ ಹಾಕಬಹುದು. ನನ್ನ ಮಗಳು 2000ದಲ್ಲಿ ಅಲ್ಲಿ ಹುಟ್ಟಿದಳು, ನನ್ನ ತಮ್ಮನ ಮಗಳು ಅದರ ಹಿಂದಿನ ವರ್ಷ ಇಲ್ಲಿ ಹುಟ್ಟಿದಳು. ಇಬ್ಬರೂ ಅಕ್ಕತಂಗಿಯರಂತೆ ಒಂದೇ ಮುಖ. ಜಾತ್ರೆಯಲ್ಲಿ ಇಬ್ಬರನ್ನೂ ನಿಲ್ಲಿಸಿ ತೆಗೆದ ಫೋಟೊ ನನ್ನ ಮನೆಯಲ್ಲಿದೆ. ನನ್ನ ಮಗಳು ಬಾಯಿ ತುಂಬ ನಗುತ್ತಿದ್ದಾಳೆ, ತಮ್ಮನ ಮಗಳು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಾಳೆ. ಹೊರರಾಜ್ಯಕ್ಕೆ ಹೋಗಿ ನೀನೇನು ಗಳಿಸಿದೆ ಎಂದು ಕೇಳಿದರೆ ನಾನು ಬ್ಯಾಂಕಿನ ಪುಸ್ತಕ ತೋರಿಸುವುದಿಲ್ಲ, ಆ ಫೋಟೊ ತೋರಿಸುತ್ತೇನೆ.

ಈಗ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ, ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳ್ಳೆಯದಾಯಿತು. ಮೊನ್ನೆ ಬಂದಾಗ ಅದು ಕೆಟ್ಟು ನಿಂತಿತ್ತು ಎಂಬುದನ್ನೂ ಇಲ್ಲಿ ಕುಳಿತ ಪಂಚಾಯಿತಿ ಸದಸ್ಯರ ಗಮನಕ್ಕೆ ತರುತ್ತೇನೆ, ಬೇಜಾರು ಮಾಡಿಕೊಳ್ಳಬಾರದು.

ನೀರಿನ ಮಾತು ಬಂದಿತೆಂದು ನನ್ನ ಕೆಲಸದ ಬಗ್ಗೆಯೂ ಒಂದು ಮಾತು. ಬೋರಿನೊಳಗೆ ಇಳಿಯುವ ಪಂಪಿನಲ್ಲಿ ಒಂದರ ಮೇಲೊಂದು ಚಕ್ರಗಳಿರುತ್ತವೆ, ಇಂಪೆಲರ್ ಎನ್ನುತ್ತೇವೆ. ಒಂದೊಂದು ಚಕ್ರ ನೀರನ್ನು ಇಷ್ಟಡಿ ಎತ್ತುತ್ತದೆ ಎಂದು ಲೆಕ್ಕ. ನೀರು ಆಳಕ್ಕೆ ಹೋದಷ್ಟೂ ಚಕ್ರ ಹೆಚ್ಚಬೇಕು, ಮೋಟರಿನ ಎಚ್.ಪಿ. ಹೆಚ್ಚಬೇಕು. ನಾನು ಸೇರಿದಾಗ ನಮ್ಮ ತಾಲ್ಲೂಕಿನ ರೈತರು ಕೇಳುತ್ತಿದ್ದದ್ದು ನೂರೈವತ್ತು, ಇನ್ನೂರು ಅಡಿಯ ಪಂಪು. ಈಗ ನಮ್ಮೂರಿನಿಂದ ಬರುವ ಫೋನುಗಳಲ್ಲಿ ಆರುನೂರು, ಏಳುನೂರು ಅಡಿಗಿಂತ ಕಡಿಮೆಯ ಮಾತೇ ಇಲ್ಲ. ಊರಿನ ನೀರು ಕೆಳಗಿಳಿದಷ್ಟೂ ಕೊಯಮತ್ತೂರಿನಲ್ಲಿ ನನ್ನ ಓವರ್‌ಟೈಮ್ ಏರಿತು. ನನ್ನ ಮಕ್ಕಳ ಫೀಸು ಅದರಿಂದಲೇ ಕಟ್ಟಿದ್ದು. ಇದನ್ನು ಯಾವ ತಕ್ಕಡಿಯಲ್ಲಿ ಹಾಕಬೇಕೋ ನನಗೆ ತಿಳಿಯುವುದಿಲ್ಲ. ಹಾಗೇ ಇಟ್ಟಿದ್ದೇನೆ.

ಎರಡನೆಯದು ಆಸ್ಪತ್ರೆ. ಹಿರಿಯರಿಗೆ ನನ್ನ ಅಕ್ಕನ ನೆನಪಿರಬೇಕು. 1995ರಲ್ಲಿ ಎರಡನೆಯ ಹೆರಿಗೆಯಲ್ಲಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಸಿಗೆ ಹಾಸಿ ಕುಷ್ಟಗಿಗೆ ಒಯ್ಯುವ ದಾರಿಯಲ್ಲಿ ತೀರಿಕೊಂಡಳು. ನನ್ನ ಮದುವೆಯಾದದ್ದು 1998ರಲ್ಲಿ. ಆ ವರ್ಷ ಫೆಬ್ರುವರಿ 14ಕ್ಕೆ ಕೊಯಮತ್ತೂರಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾಗಿ 58 ಜನ ಸತ್ತಿದ್ದರು. ಗಂಗಾವತಿ ಕಡೆಯ ನನ್ನ ಮಾವನವರು ‘ಅಂಥಾ ಊರಿಗೆ ಮಗಳನ್ನ ಹ್ಯಾಂಗ ಕಳಸೂದು’ ಎಂದು ನಿಶ್ಚಯವಾದ ಸಂಬಂಧವನ್ನೇ ಎರಡು ತಿಂಗಳು ತಡೆದರು. ಎರಡು ವರ್ಷದ ಮೇಲೆ ಚೊಚ್ಚಲ ಹೆರಿಗೆ ಬಂತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ರೀತಿ. ನಾನು ಒಪ್ಪಲಿಲ್ಲ. ಅತ್ತೆಯವರು ಸಿಟ್ಟು ಮಾಡಿಕೊಂಡೇ ಒಂದು ಚೀಲ ಜೋಳ, ಒಂದು ಡಬ್ಬಿ ಅಂಟಿನುಂಡೆ ಹೊತ್ತುಕೊಂಡು ಎರಡು ಬಸ್ಸು ಬದಲಿಸಿ ಬಂದರು. ಹೆರಿಗೆ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಆಯಿತು. ಔಷಧಕ್ಕೆ ಹೊರಗಿನ ಚೀಟಿ ಬರೆದುಕೊಡಲಿಲ್ಲ. ತಮಿಳುನಾಡಿನವರು ಸರಕಾರಿ ಆಸ್ಪತ್ರೆಗಳ ಔಷಧ ಖರೀದಿಗೆಂದೇ 1994ರಲ್ಲಿ ಒಂದು ನಿಗಮ ಮಾಡಿಕೊಂಡಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಇದು ನನ್ನೊಬ್ಬನ ಅನುಭವವಲ್ಲ ಎಂದು ತೋರಿಸಲು ಎರಡು ಅಂಕಿ ಹೇಳುತ್ತೇನೆ. ಹೆರಿಗೆಯಲ್ಲಿ ತಾಯಂದಿರು ಸಾಯುವುದನ್ನು ಒಂದು ಲಕ್ಷ ಜನನಕ್ಕೆ ಇಷ್ಟು ಎಂದು ಕೇಂದ್ರ ಸರಕಾರದ ಮಾದರಿ ನೋಂದಣಿ ವರದಿ ಲೆಕ್ಕ ಹಾಕುತ್ತದೆ. 2001–03ರಲ್ಲಿ ಅದು ಕರ್ನಾಟಕದಲ್ಲಿ 228, ತಮಿಳುನಾಡಿನಲ್ಲಿ 134. 2018–20ರಲ್ಲಿ ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54. ಅಂದರೆ ನಾವು ಬಹಳ ದೂರ ಬಂದಿದ್ದೇವೆ. 2008ರಿಂದ 108 ಗಾಡಿ ಬಂತು, ಕೊಪ್ಪಳದಲ್ಲಿ ಮೆಡಿಕಲ್ ಕಾಲೇಜು ಆಯಿತು. ನನ್ನ ತಮ್ಮನ ಸೊಸೆಯ ಹೆರಿಗೆ ಕಳೆದ ವರ್ಷ ಇಲ್ಲೇ ಆಯಿತು, ಯಾರೂ ಟ್ರ್ಯಾಕ್ಟರ್ ಹುಡುಕಲಿಲ್ಲ. ಹಾಗಾಗಿ 2000ದಲ್ಲಿ ನಾನು ಕೊಟ್ಟ ಉತ್ತರವನ್ನು ಇವತ್ತೂ ಅಷ್ಟೇ ಗಟ್ಟಿಯಾಗಿ ಕೊಡಲಾರೆ. ಅಂತರ ಕಡಿಮೆಯಾಗಿದೆ. ಅಕ್ಕನಿಗೆ ಅದು ತಡವಾಯಿತು.

ಬಸ್ಸಿನ ವಿಷಯ ಸಣ್ಣದು, ಆದರೆ ಹೇಳದಿದ್ದರೆ ನನ್ನ ಹೆಂಡತಿ ಬಿಡುವುದಿಲ್ಲ, ಅಲ್ಲಿ ಕುಳಿತು ಸನ್ನೆ ಮಾಡುತ್ತಿದ್ದಾಳೆ. ತಮಿಳುನಾಡಿನಲ್ಲಿ 2021ರಿಂದ ಸಾಧಾರಣ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಇಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ. ನಮ್ಮದು ಇನ್ನೂ ದೊಡ್ಡದು, ಜಿಲ್ಲೆ ದಾಟಿ ಹೋಗಬಹುದು. ಆದರೆ ಕರ್ನಾಟಕದ ವಿಳಾಸ ಇರಬೇಕು. ಕಳೆದ ವರ್ಷ ಹೊಸಪೇಟೆಯಲ್ಲಿ ಹತ್ತಿದಾಗ ಕಂಡಕ್ಟರ್ ನನ್ನವ್ವನ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದ, ಇವಳ ಆಧಾರ್ ನೋಡಿ ‘ಅಕ್ಕಾರ, ನಿಮ್ಮದು ತಮಿಳುನಾಡು, ರೊಕ್ಕ ಕೊಡ್ರಿ’ ಎಂದ. ‘ನಾ ಹುಟ್ಟಿದ್ದು ಗಂಗಾವತಿ ರೀ, ನಿಮಗಿಂತ ಚಲೋ ಕನ್ನಡ ಮಾತಾಡ್ತೀನಿ’ ಎಂದು ಇವಳು ಕುಷ್ಟಗಿ ಬರುವತನಕ ವಾದ ಮಾಡಿದಳು. ಕಂಡಕ್ಟರಿನ ತಪ್ಪೇನೂ ಇಲ್ಲ. ಎಷ್ಟು ದುಡ್ಡು ಹೋಯಿತು ಎಂಬ ಬೇಸರವೂ ಅವಳದಲ್ಲ. ಹುಟ್ಟಿದ ನೆಲದಲ್ಲಿ ಟಿಕೆಟ್ ತೆಗೆಸಿದರಲ್ಲ ಎಂಬುದು.

ಇದೇ ವಿಷಯ ಮಗಳ ಕಾಲೇಜಿನ ಹೊತ್ತಿಗೆ ದೊಡ್ಡದಾಗಿ ಬಂತು. ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗುವವರು ಇದನ್ನು ಸ್ವಲ್ಪ ಕಿವಿಗೊಟ್ಟು ಕೇಳಿ, ಯಾಕೆಂದರೆ ನಮಗೆ ಯಾರೂ ಮೊದಲೇ ಹೇಳಲಿಲ್ಲ. ಜಾತಿ ಪ್ರಮಾಣಪತ್ರ ರಾಜ್ಯದ ಗಡಿ ದಾಟುವುದಿಲ್ಲ. ಇಲ್ಲಿ ನಮ್ಮ ಜಾತಿ ಹಿಂದುಳಿದ ವರ್ಗದ ಪಟ್ಟಿಯಲ್ಲಿದೆ. ಅಲ್ಲಿ, ಬೇರೆ ರಾಜ್ಯದಿಂದ ಬಂದವರ ಮಕ್ಕಳು ಎಂದು ‘ಇತರರು’ ಎಂಬ ಸಾಲಿಗೆ ಸೇರಿಸುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹೀಗೇ ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಹೋಗಲಿ, ಇಲ್ಲಿಗೆ ಬಂದು ಓದಲಿ ಎಂದರೆ ಇಲ್ಲಿನ ಸಿ.ಇ.ಟಿ.ಗೆ ಸಾಮಾನ್ಯವಾಗಿ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹೊರನಾಡ ಕನ್ನಡಿಗರ ಮಕ್ಕಳಿಗೆ ಬೇರೊಂದು ಬಾಗಿಲಿದೆ, ಆದರೆ ಕನ್ನಡ ಪರೀಕ್ಷೆ ಬರೆದು ಪಾಸಾಗಬೇಕು.

ನನ್ನ ಮಗಳು ಶಾಲೆಯಲ್ಲಿ ಕನ್ನಡ ಓದಿದವಳಲ್ಲ. ತಮಿಳುನಾಡಿನಲ್ಲಿ 2006ರ ಕಾಯ್ದೆಯಂತೆ ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳಿಂದ ಹಿಡಿದು ಎಲ್ಲರಿಗೂ ತಮಿಳು ಕಡ್ಡಾಯವಾಯಿತು, ಇವಳು ಅದೇ ಮೊದಲ ತಂಡದವಳು. ಆಗ ನಮ್ಮ ಪರಿಚಯದ ಕೆಲವರು ಬೈದುಕೊಂಡರು. ನಾನು ಬೈಯಲಿಲ್ಲ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ನಾವು ಕೇಳುತ್ತೇವೆ. ನಮ್ಮಲ್ಲೂ 2015ರಲ್ಲಿ ಅಂಥದೇ ಕಾಯ್ದೆ ಆಯಿತು. ಅದು ನ್ಯಾಯವಾದರೆ ಇದೂ ನ್ಯಾಯವೇ. ಮಗಳಿಗೆ ಕನ್ನಡ ಅಕ್ಷರ ಕಲಿಸಿದ್ದು ನನ್ನವ್ವ. ಅವ್ವ ನಾಲ್ಕನೆಯ ತರಗತಿಯವರೆಗೆ ಓದಿದವಳು. ಬೇಸಿಗೆ ರಜೆಗೆ ಊರಿಗೆ ಬಂದಾಗ ಕಲ್ಲುಹಾಸಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆಸಿದಳು. 2018ರಲ್ಲಿ ಮಗಳು ಆ ಪರೀಕ್ಷೆಗೆ ಕುಳಿತು ಪಾಸಾದಳು. ಆದರೆ ಕೊನೆಗೆ ಸೇರಿದ್ದು ಕೊಯಮತ್ತೂರಿನ ಕಾಲೇಜಿಗೇ, ‘ಇತರರು’ ಎಂಬ ಸಾಲಿನಲ್ಲೇ. ಮನೆಯಿಂದ ಓಡಾಡಬಹುದು, ಹಾಸ್ಟೆಲಿನ ಖರ್ಚಿಲ್ಲ. ಅವ್ವನಿಗೆ ಮಾತ್ರ ಅವಳು ಪಾಸಾದದ್ದೇ ದೊಡ್ಡದು, ಓಣಿಗೆಲ್ಲ ಸಕ್ಕರೆ ಹಂಚಿದಳು.

ಭಾಷೆಯ ಬಗ್ಗೆ ಹೇಳುವಾಗ ನಾವು ಮೊದಲು ಬಾಡಿಗೆಗೆ ಇದ್ದ ಮನೆಯ ಮಾಲಕಿಯನ್ನು ಮರೆಯಲಾಗದು. ಆ ಊರಿನಲ್ಲಿ ದೇವಾಂಗ ನೇಕಾರರು ಬಹಳ ಜನ ಇದ್ದಾರೆ, ಚೌಡೇಶ್ವರಿಯ ಒಕ್ಕಲು. ದಸರೆಯಲ್ಲಿ ಖಡ್ಗ ಹಿಡಿದು ಕುಣಿಯುತ್ತ ದೇವಿಯನ್ನು ಕರೆತರುತ್ತಾರೆ. ಅವರಲ್ಲಿ ಅನೇಕರ ಮನೆಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಹೋದವರು. ನಾನು ಮನೆ ಕೇಳಲು ಹೋದಾಗ ಆ ಅಜ್ಜಿ ಒಳಗೆ ಸೊಸೆಗೆ ಏನೋ ಹೇಳಿದಳು, ಅರ್ಧ ಅರ್ಥವಾಯಿತು. ‘ಅಮ್ಮಾ, ನೀವು ಕನ್ನಡದವರಾ?’ ಎಂದೆ. ಅವಳಿಗೆ ನನ್ನ ಕುಷ್ಟಗಿ ಕನ್ನಡ ಅರ್ಧ ಅರ್ಥವಾಯಿತು. ಇಬ್ಬರೂ ನಕ್ಕೆವು. ಅಡ್ವಾನ್ಸು ಕಡಿಮೆ ಮಾಡಿದಳು. ಅವಳಿಗೆ ಕನ್ನಡ ಓದಲು, ಬರೆಯಲು ಬಾರದು. ಅವಳ ಮೊಮ್ಮಕ್ಕಳು ಅಜ್ಜಿಯೊಡನೆ ಮಾತ್ರ ಆ ಭಾಷೆ ಆಡುತ್ತಿದ್ದರು, ತಮ್ಮತಮ್ಮಲ್ಲಿ ತಮಿಳು. ಈಗ ನನ್ನ ಮಗ, ಮಗಳು ಇಬ್ಬರೇ ಇರುವಾಗ ತಮಿಳಿನಲ್ಲೇ ಮಾತಾಡುತ್ತಾರೆ. ನಾನು ಕೋಣೆಗೆ ಬಂದರೆ ಕನ್ನಡಕ್ಕೆ ತಿರುಗುತ್ತಾರೆ. ಅದು ನನಗೆ ಕೊಡುವ ಮರ್ಯಾದೆ. ನಾನು ಇಲ್ಲದ ದಿನ ಆ ತಿರುಗುವುದು ಇರುವುದಿಲ್ಲ ಎಂದು ಗೊತ್ತು.

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅಲ್ಲಿನ ಹಳೆಯ ರೈತರಿಗೆ ಜೋಳ, ಸಜ್ಜೆ ಚೆನ್ನಾಗಿ ಗೊತ್ತು, ಚೋಳಂ, ಕಂಬು ಎನ್ನುತ್ತಾರೆ. ಆದರೆ ತಟ್ಟಿದ ರೊಟ್ಟಿ ಗೊತ್ತಿಲ್ಲ. ನನ್ನ ಹೆಂಡತಿ ಮೊದಲ ದಿನ ರೊಟ್ಟಿ ಬಡಿದಾಗ ಪಕ್ಕದ ಮನೆಯವರು ಗಂಡ ಹೆಂಡತಿ ಜಗಳವೆಂದು ಬಾಗಿಲು ತಟ್ಟಿದರು!

ಇನ್ನು ನನಗೆ ಹೇಳಲು ಕಷ್ಟವಾಗುವ ಭಾಗ. 1991ರ ಡಿಸೆಂಬರಿನಲ್ಲಿ, ನಾನು ಹೋದ ವರ್ಷವೇ, ಕಾವೇರಿ ಮಧ್ಯಂತರ ಆದೇಶದ ಗಲಾಟೆಯಾಯಿತು. ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಗಳಾದವು. ನಮ್ಮ ಫೋರ್‌ಮನ್ನರು ನನ್ನನ್ನು ಮೂರು ದಿನ ಕೆಲಸಕ್ಕೆ ಬರಬೇಡ ಎಂದು ಹೇಳಿ, ದಿನವೂ ಸಂಜೆ ತಾವೇ ಊಟದ ಕ್ಯಾರಿಯರ್ ತಂದುಕೊಟ್ಟರು. ಅವರ ತಂಗಿ ಬೆಂಗಳೂರಿನಲ್ಲಿದ್ದಳು, ಅವಳ ಸುದ್ದಿ ಇನ್ನೂ ಬಂದಿರಲಿಲ್ಲ. ನಗರದಲ್ಲಿ ಮನುಷ್ಯತ್ವ ಇಲ್ಲ, ಪರರಾಜ್ಯದಲ್ಲಿ ನಮ್ಮವರು ಯಾರೂ ಇಲ್ಲ ಎಂದು ಭಾಷಣಗಳಲ್ಲಿ ಹೇಳುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಬೆಳೆಗೆ ಕೃಷ್ಣೆಯೂ ಬಂದಿಲ್ಲ, ಕಾವೇರಿಯಂತೂ ದೂರ. ಆದರೂ ಆ ಮೂರು ದಿನ ನಾನು ಕಾವೇರಿಯ ವಾರಸುದಾರನಾಗಿದ್ದೆ.

2016ರಲ್ಲಿ ಮತ್ತೆ ಆಯಿತು. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳನ್ನು ಸುಟ್ಟರು. ಮರುದಿನ ರಾತ್ರಿ ತಮ್ಮನ ಫೋನು, ಅಪ್ಪ ಹೋದ. ಕೊಯಮತ್ತೂರಿನಿಂದ ಇಲ್ಲಿಗೆ ಏಳುನೂರು ಕಿಲೋಮೀಟರಿಗಿಂತ ಹೆಚ್ಚು. ಬೆಂಗಳೂರಿಗೆ ನೇರ ಬಸ್ಸುಗಳು ನಿಂತಿದ್ದವು, ಆ ರಾತ್ರಿಯ ರೈಲಿಗೆ ಜಾಗ ಸಿಗಲಿಲ್ಲ. ಸೇಲಂ ಮೇಲೆ ಹೊಸೂರುವರೆಗೆ ಬಸ್ಸಿನಲ್ಲಿ ಬಂದೆ. ಅಲ್ಲಿಂದ ಮುಂದೆ ಗಾಡಿ ಹೋಗುವುದಿಲ್ಲ ಎಂದರು. ಜೂಜುವಾಡಿಯಿಂದ ಅಟ್ಟಿಬೆಲೆಗೆ ಗಡಿ ದಾಟಿ ನಡೆದೆ. ನಾನೊಬ್ಬನೇ ಅಲ್ಲ. ಚೀಲ ಹೊತ್ತವರು, ಮಕ್ಕಳನ್ನು ಎತ್ತಿಕೊಂಡವರು, ಸೂಟ್‌ಕೇಸು ಎಳೆಯುವವರು, ಒಂದು ಸಾಲು ಈ ಕಡೆಗೆ, ಒಂದು ಸಾಲು ಆ ಕಡೆಗೆ. ಎದುರು ಬಂದ ಒಬ್ಬ ಮುದುಕ ತಮಿಳಿನಲ್ಲಿ ‘ಆ ಕಡೆ ಬಸ್ಸು ಸಿಗುತ್ತದೆಯೇ’ ಎಂದು ಕೇಳಿದ. ‘ಹೊಸೂರಿಗೆ ಹೋದರೆ ಇದೆ’ ಎಂದು ತಮಿಳಿನಲ್ಲೇ ಹೇಳಿ, ಅಟ್ಟಿಬೆಲೆ ಬರುತ್ತಲೇ ಬಾಯಿ ಮುಚ್ಚಿಕೊಂಡೆ. ತಮಿಳು ಬರುತ್ತದೆ ಎಂಬುದು ಆ ದಿನ ಗಡಿಯ ಈ ಕಡೆ ತೋರಿಸುವ ಗುಣವಾಗಿರಲಿಲ್ಲ.

ಊರು ಮುಟ್ಟಿದಾಗ ಮಣ್ಣಾಗಿತ್ತು. ಸಂಜೆವರೆಗೆ ಕಾದಿದ್ದರು, ಇನ್ನು ಇಡುವುದು ಬೇಡ ಎಂದು ಹಿರಿಯರು ಹೇಳಿದರಂತೆ, ಸರಿಯೇ. ತಮ್ಮ ಅಪ್ಪನ ರುಮಾಲನ್ನು ತೆಗೆದಿಟ್ಟಿದ್ದ.

ಆದ್ದರಿಂದ ಕಟ್ಟೆಯ ಹಿರಿಯರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ನನ್ನ ಮಕ್ಕಳಿಗೆ ಅಲ್ಲಿ ಚಲೋ ಇದೆ, ಅದರಲ್ಲಿ ಸಂಶಯವಿಲ್ಲ. ಹಲ್ಲು, ಓದು, ಕೆಲಸ ಎಲ್ಲ ಅಲ್ಲಿ ದಕ್ಕಿದೆ. ಹೆಂಡತಿಗೂ ಅಲ್ಲೇ ಚಲೋ. ಹತ್ತು ಮನೆಯ ಹೆಂಗಸರ ಜೊತೆ ಚೀಟಿ ಹಾಕುತ್ತಾಳೆ, ಪೇರೂರು ದೇವಸ್ಥಾನಕ್ಕೆ ಒಬ್ಬಳೇ ಹೋಗಿ ಬರುತ್ತಾಳೆ. ಅವ್ವನಿಗೆ ಅಲ್ಲಿ ಚಲೋ ಇಲ್ಲ. ಎರಡು ಸಲ ಕರೆದೊಯ್ದೆ. ಮೊದಲ ಸಲ ಹದಿನೈದು ದಿನ ಇದ್ದಳು, ಎರಡನೆಯ ಸಲ ಒಂಬತ್ತು ದಿನ. ‘ನೀರು ಚಲೋ ಐತಿ, ಮಾತಾಡಾಕ ಮಂದಿ ಇಲ್ಲ’ ಎಂದಳು. ನನ್ನ ಪಾಲಿಗೆ ಎಷ್ಟು ಚಲೋ ಎಂದರೆ ಸೋಮವಾರದಿಂದ ಶನಿವಾರದವರೆಗೆ ಅಲ್ಲಿ, ಹಬ್ಬದ ದಿನ ಇಲ್ಲಿ.

2030ಕ್ಕೆ ನನಗೆ 58 ತುಂಬುತ್ತದೆ, ನಿವೃತ್ತಿ. ವಾಪಸು ಬರ್ತೀಯೇನು ಎಂದು ತಮ್ಮ ಕೇಳಿದ್ದಾನೆ, ಹೊಲದ ಪಾಲಿನ ಮಾತು ಅದರೊಳಗೇ ಇದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಇಷ್ಟು ಜನರ ಮುಂದೆ ಹೇಳಿದರೆ ಸಾಕ್ಷಿಯಾಗುತ್ತದೆ. ಹೊಲ ಅವನೇ ಮಾಡಲಿ, ಪಾಲು ಕೇಳುವುದಿಲ್ಲ. ಮುಪ್ಪಿನ ತಾಯಿಯನ್ನು ನೋಡಿಕೊಂಡವನು ಅವನು. ಅವ್ವನ ಕೋಣೆಗೆ ಹೊಂದಿಕೊಂಡು ಒಂದು ಕೋಣೆ ಕಟ್ಟಿಸುತ್ತಿದ್ದೇನೆ, ಸ್ಲ್ಯಾಬು ಮುಗಿದಿದೆ. ಅವ್ವ ಇರುವತನಕ ವರ್ಷಕ್ಕೆ ನಾಲ್ಕು ತಿಂಗಳು ಇಲ್ಲಿ ಇರುವುದು ಎಂದು ನಾನೂ ಹೆಂಡತಿಯೂ ಮಾತಾಡಿಕೊಂಡಿದ್ದೇವೆ. ಅವಳು ಇನ್ನೂ ಮೂರು ತಿಂಗಳಿಗೇ ನಿಂತಿದ್ದಾಳೆ.

ಮಕ್ಕಳೇ, ನಿಮ್ಮಲ್ಲಿ ಹೊರಗೆ ಹೋಗುವವರಿದ್ದರೆ ಒಂದು ಕಸುಬಿನ ಸರ್ಟಿಫಿಕೇಟು ಕೈಯಲ್ಲಿ ಹಿಡಿದುಕೊಂಡು ಹೋಗಿ. ಜಾತಿ, ವಾಸ, ಓದಿದ ಶಾಲೆಯ ಪ್ರಮಾಣಪತ್ರಗಳನ್ನು ಇಲ್ಲಿಂದಲೇ ಮಾಡಿಸಿಟ್ಟುಕೊಳ್ಳಿ. ಹಳಗನ್ನಡ ಪಾಠದ ದಿನ ಶಾಲೆ ತಪ್ಪಿಸಬೇಡಿ. ಮುಖ್ಯೋಪಾಧ್ಯಾಯರು ಬೆಳಿಗ್ಗೆ ಶಾಲೆಯ ಬೋರಿನ ಮೋಟರು ಒಂದು ವಾರದಿಂದ ಎತ್ತುತ್ತಿಲ್ಲ ಎಂದು ಹೇಳಿದರು. ಊಟವಾದ ಮೇಲೆ ನಾಲ್ಕು ಜನ ಗಟ್ಟಿ ಹುಡುಗರು ಬೇಕು, ಪೈಪು ಮೇಲೆತ್ತಿ ನೋಡೋಣ.